ಯಾತ್ರೆಯಲ್ಲಿ ಅನರ್ಥದಂಡ ವಿರತಿ

ಶ್ರಾವಕನ ಮೂರು ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲಾಡುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕೀಳುವುದು, ವ್ಯರ್ಥವಾಗಿ ಅಲೆಯುವುದು ಪ್ರಮಾದಚರ್ಯೆ ಎನಿಸಿಕೊಳ್ಳುತ್ತವೆ. ಮನೆಯಲ್ಲಿ ಈ ವ್ರತವನ್ನು ಪಾಲಿಸುವವರೂ ಯಾತ್ರೆಗೆ ಹೊರಟಾಗ ಅದನ್ನು ಮರೆಯುವುದುಂಟು.

ಬಾದಾಮಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಗಸ್ತ್ಯತೀರ್ಥದ ಬಳಿಯ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ನಾಲ್ಕು ಪ್ರಮುಖ ಗುಹಾಲಯಗಳಿವೆ. ಮೊದಲನೆಯದು ಶಿವನದು; ಎರಡನೆಯದೂ ಮೂರನೆಯದೂ ವಿಷ್ಣುವಿನವು. ಮೂರನೆಯದನ್ನು ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಅದರ ಪಕ್ಕದ ನಾಲ್ಕನೆಯದು ಜಿನಾಲಯ.

ಈ ಜಿನಾಲಯದಲ್ಲಿ ಕಾಯೋತ್ಸರ್ಗದಲ್ಲಿ ನಿಂತ ಬಾಹುಬಲಿ ಸ್ವಾಮಿಯ ಅಂಗಗಳನ್ನು ಬಳ್ಳಿಗಳು ಸುತ್ತಿಕೊಂಡಿವೆ. ಪಾದಗಳ ಬಳಿ ಸರ್ಪಗಳಿವೆ. ಒಂದು ವರ್ಷ ಆಹಾರವನ್ನು ತ್ಯಜಿಸಿ ನಿಂತ ಆ ಮಹಾತ್ಮನು ಬಳ್ಳಿಯನ್ನು ಕಿತ್ತೆಸೆಯಲಿಲ್ಲ, ಹಾವನ್ನು ಅಟ್ಟಲಿಲ್ಲ. ಆ ಮೂರ್ತಿಗೆ ಕೈಮುಗಿದು ಬೆಟ್ಟ ಇಳಿದವನು ಕೆರೆಯ ದಡದಲ್ಲಿ ಸುಮ್ಮನೆ ಎಲೆ ಹರಿದರೆ, ನೀರಿಗೆ ಕಲ್ಲೆಸೆದರೆ, ದರ್ಶನದ ಫಲವೆಲ್ಲಿ ಉಳಿಯಿತು?

ಪ್ರಕೃತಿಯ ಸೊಬಗನ್ನು ನೋಡುವುದು ದೋಷವಲ್ಲ, ಅಜಾಗರೂಕತೆಯೇ ದೋಷ. ಆದುದರಿಂದ ಯಾತ್ರಿಕರು ನೆಲ ನೋಡಿ ಹೆಜ್ಜೆಯಿಡಬೇಕು. ಸೋಸಿದ ನೀರನ್ನೇ ಬಳಸಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವಂತೆ ಪ್ರಯಾಣವನ್ನು ಗೊತ್ತುಮಾಡಿಕೊಳ್ಳಬೇಕು. ಅನ್ಯಮತದ ದೇಗುಲಗಳಲ್ಲಿ ನಿಂದೆಯ ಮಾತನ್ನು ಆಡಬಾರದು. ಮಕ್ಕಳು ಹೂ ಕೀಳಲು ಕೈಚಾಚಿದಾಗ ಹಿರಿಯರು ಗದರಿಸದೆ ಬಾಹುಬಲಿಯ ಬಳ್ಳಿಯನ್ನು ನೆನಪಿಸಿದರೆ ಸಾಕು. ಹೀಗೆ ನಡೆದ ಯಾತ್ರೆಯೂ ಒಂದು ವ್ರತಾಚರಣೆಯೇ ಆಗುತ್ತದೆ.