ಒದ್ದೆ ಬಟ್ಟೆ ಮುಟ್ಟಿಸುವ ಮುನ್ನ

ಬಸವೇಶ್ವರನಗರದ ನನ್ನ ಕೆಲಸದ ಕೋಣೆಗೆ ಬರುವ ಹಳೆಯ ಚಿತ್ರಗಳಲ್ಲಿ ಹೆಚ್ಚಿನವು ರಾಜಾಜಿನಗರ, ವಿಜಯನಗರದ ದೇವರಮನೆಗಳವು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಪಟ್ಟಾಭಿಷೇಕ, ಗಜಲಕ್ಷ್ಮಿ. ಅಪರೂಪಕ್ಕೆ, 1894ರಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಅಚ್ಚು.

1. ಮೊದಲ ದಿನ ನೋಡುವುದಷ್ಟೇ. ಮುಂದೆ, ಹಿಂದೆ, ನಾಲ್ಕೂ ಅಂಚಿನ ಫೋಟೊ ತೆಗೆದು, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುತ್ತೇನೆ. ಎದುರು ಬೆಳಕಿಗೆ ಕಾಣದ ಬಿರುಕು, ಹಕ್ಕಳೆಯೆದ್ದ ಬಣ್ಣ ಆಗ ನೆರಳು ಚೆಲ್ಲಿ ಎದ್ದು ಕಾಣುತ್ತವೆ.

2. ನೀರಿಗೆ ಹೆದರಿ. ಮೈಸೂರು ಚಿತ್ರದ ಬಣ್ಣವನ್ನೂ ಒಡವೆ, ಸಿಂಹಾಸನದ ಉಬ್ಬು ಕೆಲಸವನ್ನೂ ಹಿಡಿದಿಟ್ಟಿರುವುದು ಗೋಂದು. ಅದು ನೀರಿಗೆ ಕರಗುತ್ತದೆ. ಹಬ್ಬದ ಹಿಂದಿನ ದಿನ ಗಾಜು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದ ಪಟ್ಟಾಭಿಷೇಕವೊಂದು ಬಂತು. ಸೀತೆಗೆ ಮುಖವೇ ಇರಲಿಲ್ಲ. ಒರೆಸಿದ ಅಜ್ಜಿ ಆ ಬಟ್ಟೆಯನ್ನೂ ಮಡಿಸಿ ತಂದಿದ್ದರು, "ಇದರಲ್ಲಿದೆಯಲ್ಲಪ್ಪಾ ಬಣ್ಣ, ವಾಪಸ್ ಬರೋದಿಲ್ವಾ?" ಎಂದರು. ಈಗಲೂ ನಾನು ಯಾವ ದ್ರವ ಬಳಸುವ ಮೊದಲೂ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತೇನೆ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸುತ್ತೇನೆ.

3. ಅಪ್ಪಟ ಚಿನ್ನದ ರೇಕು ಕಪ್ಪಾಗದು. ಕಪ್ಪಾಗಿ ಕಂಡರೆ ಮೇಲೆ ದೀಪದ ಮಸಿ ಕೂತಿರಬಹುದು, ಇಲ್ಲವೇ ಯಾರೋ ಅಂಗಡಿಯ ಗೋಲ್ಡ್ ಪೇಂಟ್ ಬಳಿದಿರಬಹುದು. ಅಂಥ ಪೇಂಟಿನಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರ ಬೆರೆತ ಪುಡಿ, ಕಾಲಕ್ರಮೇಣ ಕಂದಾಗುತ್ತದೆ.

4. ನಾನು ಸೇರಿಸಿದ್ದನ್ನು ಮುಂದೊಬ್ಬರು ತೆಗೆಯಲು ಬರಬೇಕು. ಅದಕ್ಕೇ ಹರಿದ ಹಿಂಬದಿಗೆ ಗೋಧಿ ಪಿಷ್ಟದ ಅಂಟು, ತೆಳು ಜಪಾನಿ ಕಾಗದ. ಬಡಗಿಯ ಬಿಳಿ ಅಂಟು ಬೇಡವೇ ಬೇಡ. ಬಣ್ಣ ಹೋದ ಜಾಗಕ್ಕಷ್ಟೇ ಬಣ್ಣ ತುಂಬುತ್ತೇನೆ, ಉಳಿದಿರುವುದರ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಆ ಸೀತೆಯ ಹಳೆಯ ಫೋಟೊ ಯಾರ ಬಳಿಯೂ ಇರಲಿಲ್ಲ. ಊಹೆಯಿಂದ ಬರೆದರೆ ಅವಳು ನನ್ನ ಸೀತೆಯಾಗುತ್ತಾಳೆ, ಆ ಚಿತ್ರಗಾರನವಳಲ್ಲ. ಸುತ್ತಲಿನದಕ್ಕೆ ಹೊಂದುವ ತಿಳಿ ಬಣ್ಣವಷ್ಟೇ ಹಚ್ಚಿ ಕೊಟ್ಟೆ. ಮನೆಯವರಿಗೆ ಬೇಸರವಾಯಿತು, ನನಗೂ.

5. ಬಚ್ಚಲಿಗೆ ಅಂಟಿದ ಗೋಡೆಗೆ ಪಟ ತೂಗುಹಾಕಬೇಡಿ, ತೇವಕ್ಕೆ ಬೂಸು ಹಿಡಿಯುತ್ತದೆ. ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಹಾಕಿಸಿ.

6. ಉದುರಿದ ಚೂರುಗಳನ್ನು ಗುಡಿಸಿ ಎಸೆಯಬೇಡಿ. ಕಾಗದದ ಲಕೋಟೆಯಲ್ಲಿಟ್ಟು, ಪಟವನ್ನು ಮುಖ ಮೇಲಾಗಿ ಮಲಗಿಸಿ, ಹಾಗೆಯೇ ತನ್ನಿ. ಕಡಲೆಬೇಳೆಯಷ್ಟು ಚೂರನ್ನೂ ಅದರ ಜಾಗಕ್ಕೆ ಮತ್ತೆ ಕೂರಿಸಬಹುದು.