ಉಳುಕಿದ ಹರಡಿಗೆ ಆಸರೆ

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಮೆಟ್ಟಿಲುಗಳನ್ನು ಇಳಿಯುತ್ತಿದ್ದಾಗ ಕೊನೆಯ ಮೆಟ್ಟಿಲಿನ ಅಂಚಿನ ಮೇಲೆ ಕಾಲಿಟ್ಟು ಎಡಗಾಲಿನ ಹರಡನ್ನು ಉಳುಕಿಸಿಕೊಂಡನು. ಬಾವು ಇಳಿದ ಮೇಲೆ ಔಷಧಿಯಂಗಡಿಯಿಂದ ಕಾಲುಚೀಲದಂತೆ ಹಿಗ್ಗುವ ಪಟ್ಟಿಯೊಂದನ್ನು ತಂದು ಹಾಕಿಕೊಂಡು, ಬಸ್ಸಿನ ನಿಲ್ದಾಣದಿಂದ ಕಾಲೇಜಿಗೆ ಎಂದಿನಂತೆ ನಡೆಯತೊಡಗಿದನು. ಮೂರು ತಿಂಗಳೊಳಗೆ ಅದೇ ಕಾಲು ಮತ್ತೆರಡು ಸಲ ಉಳುಕಿತು. “ಪಟ್ಟಿ ಕಟ್ಟಿಕೊಂಡಿದ್ದರೂ ಹೀಗೇಕಾಯಿತು, ಸಾರ್?” ಎಂದು ಅವನು ಕೇಳಿದನು. ಪ್ರಶ್ನೆಯು ವೈದ್ಯರಿಗೆ ಸೇರಿದುದಾಗಿ ಕಂಡರೂ ಅದರ ಉತ್ತರದ ಬಹುಭಾಗವು ನಾವು ತರಗತಿಯಲ್ಲಿ ಓದುವ ಸನ್ನೆಗೋಲಿನ ಪಾಠದಲ್ಲಿಯೇ ಅಡಗಿದೆ.

ಹರಡಿನ ರಚನೆ

ಮೊಣಕಾಲಿನಿಂದ ಕೆಳಗೆ ಇರುವ ಎರಡು ಮೂಳೆಗಳಲ್ಲಿ ಒಳಬದಿಯ ದಪ್ಪ ಮೂಳೆಗೆ ಟಿಬಿಯ ಎಂದೂ ಹೊರಬದಿಯ ತೆಳು ಮೂಳೆಗೆ ಫಿಬುಲ ಎಂದೂ ಹೆಸರು. ಹರಡಿನ ಎರಡು ಪಕ್ಕಗಳಲ್ಲಿ ಕೈಗೆ ಸಿಕ್ಕುವ ಗಂಟುಗಳು ಇವುಗಳ ಕೆಳತುದಿಗಳೇ ಆಗಿವೆ. ಬಡಗಿಯು ಮರದಲ್ಲಿ ತೋಡಿದ ಕುಳಿಯೊಳಗೆ ಇನ್ನೊಂದು ಮರದ ತುದಿಯನ್ನು ಕೂರಿಸುವಂತೆ, ಈ ಎರಡು ಗಂಟುಗಳ ನಡುವೆ ಟೇಲಸ್ ಎಂಬ ಮೂಳೆಯು ಕುಳಿತಿದೆ. ಈ ಕೀಲಿನಲ್ಲಿ ಪಾದವು ಮುಖ್ಯವಾಗಿ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪಾದವು ಒಳಗೂ ಹೊರಗೂ ವಾಲುವುದು ಹೆಚ್ಚಾಗಿ ಇದರ ಕೆಳಗೆ, ಟೇಲಸ್ಸಿಗೂ ಹಿಮ್ಮಡಿ ಮೂಳೆಗೂ ನಡುವೆ ಇರುವ ಮತ್ತೊಂದು ಕೀಲಿನಲ್ಲಿ.

ಮೂಳೆಗಳನ್ನು ಒಂದಕ್ಕೊಂದು ಬಿಗಿದಿರುವ ನಾರಿನ ಪಟ್ಟಿಗಳೇ ಅಸ್ಥಿರಜ್ಜುಗಳು. ಹರಡಿನ ಒಳಬದಿಯಲ್ಲಿ ಇವು ಬೀಸಣಿಗೆಯಂತೆ ಹರಡಿಕೊಂಡು ಬಲವಾಗಿವೆ. ಹೊರಬದಿಯಲ್ಲಿ ಬಿಡಿಬಿಡಿಯಾಗಿ ಮೂರು ಇವೆ. ಈ ಮೂರರಲ್ಲಿ ಮುಂಭಾಗದಲ್ಲಿರುವುದೇ ಅತ್ಯಂತ ದುರ್ಬಲವಾದುದು, ಉಳುಕಿನಲ್ಲಿ ಸಾಮಾನ್ಯವಾಗಿ ಮೊದಲು ಹರಿಯುವುದೂ ಅದೇ. ಹೊರಗಂಟು ಒಳಗಂಟಿಗಿಂತ ಕೆಳಕ್ಕೆ ಇಳಿದಿರುವುದರಿಂದ ಪಾದವು ಹೊರಕ್ಕೆ ವಾಲದಂತೆ ತಡೆಯುತ್ತದೆ. ಒಳಕ್ಕೆ ವಾಲುವುದಕ್ಕೆ ಅಷ್ಟು ತಡೆಯಿಲ್ಲ. ಆದುದರಿಂದಲೇ ಉಳುಕುಗಳಲ್ಲಿ ಹೆಚ್ಚಿನವು ಅಂಗಾಲು ಒಳಮುಖವಾಗಿ ಮಗುಚಿದಾಗ ಆಗುತ್ತವೆ.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಟೇಲಸ್ ಮೂಳೆಯ ಮೇಲ್ಭಾಗವು ಮುಂದೆ ಅಗಲವಾಗಿ, ಹಿಂದೆ ಕಿರಿದಾಗಿದೆ. ಪಾದವು ಮೇಲಕ್ಕೆ ಮಡಿಸಿದಾಗ ಅಗಲವಾದ ಭಾಗವು ಕುಳಿಯೊಳಗೆ ಬಂದು ಕೀಲು ಬಿಗಿಯಾಗುತ್ತದೆ. ಬೆರಳು ಕೆಳಮುಖವಾದಾಗ ಕಿರಿದಾದ ಭಾಗವು ಬಂದು ಸಡಿಲವಾಗುತ್ತದೆ. ಮೆಟ್ಟಿಲಿಳಿಯುವಾಗ ನಾವು ಬೆರಳನ್ನೇ ಮುಂದುಮಾಡಿ ಕಾಲಿಡುತ್ತೇವಲ್ಲವೆ? ನಮ್ಮ ವಿದ್ಯಾರ್ಥಿಯ ಕಾಲು ಉಳುಕಿದುದು ಇಂತಹ ಸಡಿಲವಾದ ಕ್ಷಣದಲ್ಲಿ.

ಉಳುಕಿನ ಲೆಕ್ಕ

60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿಯು ಒಂದು ಕಾಲಿನ ಮೇಲೆ ನಿಂತಿರುವನೆಂದು ಭಾವಿಸೋಣ. ನೆಲವು ಅವನ ಪಾದವನ್ನು ಸುಮಾರು 590 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಈ ಬಲದ ರೇಖೆಯು ಪಾದವು ವಾಲುವ ಅಕ್ಷದ ಮೂಲಕವೇ ಹಾದುಹೋದರೆ ಅಪಾಯವಿಲ್ಲ. ಅಂಗಾಲಿನ ಒಳಭಾಗವು ಒಂದು ಕಲ್ಲಿನ ಮೇಲೆ ಬಿದ್ದು ಬಲದ ರೇಖೆಯು ಅಕ್ಷದಿಂದ 3 ಸೆಂಟಿಮೀಟರು ಒಳಕ್ಕೆ ಸರಿದರೆ ಏನಾಗುತ್ತದೆ? ಬಲವನ್ನು ದೂರದಿಂದ ಗುಣಿಸಿದರೆ ತಿರುಗುಬಲ ದೊರೆಯುತ್ತದೆ: 590 × 0.03, ಎಂದರೆ ಸುಮಾರು 18 ನ್ಯೂಟನ್-ಮೀಟರು. ಅಂಗಾಲನ್ನು ಒಳಮುಖವಾಗಿ ಮಗುಚಲು ಇಷ್ಟು ತಿರುಗುಬಲವು ಹವಣಿಸುತ್ತದೆ.

ಕಾಲಿನ ಹೊರಬದಿಯ ಸ್ನಾಯುಗಳು ಇದನ್ನು ತಡೆಯಬೇಕು. ಆದರೆ ಪಾದವು ಹಠಾತ್ತಾಗಿ ವಾಲಿದಾಗ ಈ ಸ್ನಾಯುಗಳು ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ 50ರಿಂದ 90 ಭಾಗಗಳಷ್ಟು ಕಾಲ ಬೇಕಾಗುತ್ತದೆ. ಅನಂತರ ಬಲವನ್ನು ಬೆಳೆಸಲು ಮತ್ತಷ್ಟು ಕಾಲ. ಅಷ್ಟರಲ್ಲಿ ರಜ್ಜು ಹರಿದು ಹೋಗಿರಬಹುದು. ಆಧಾರಪಟ್ಟಿಯ ಕೆಲಸವೇನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಸ್ನಾಯುಗಳು ಬಂದು ಸೇರುವವರೆಗೆ ಆ ಕ್ಷಣಮಾತ್ರದ ಕಾಲ ತಿರುಗುಬಲದ ಒಂದು ಪಾಲನ್ನು ತಾನು ಹೊರುವುದು, ಪಾದವು ವಾಲುವ ವೇಗವನ್ನು ತಗ್ಗಿಸುವುದು: ಇಷ್ಟೇ ಅದರ ಕೆಲಸ.

ಮೂರು ಒತ್ತುಗಳ ತತ್ತ್ವ

ಸೌದೆಯ ಕೋಲನ್ನು ಮುರಿಯುವವನು ಅದನ್ನು ಮೊಣಕಾಲಿಗೆ ಆನಿಸಿ ಎರಡು ತುದಿಗಳನ್ನೂ ಕೈಗಳಿಂದ ತನ್ನ ಕಡೆಗೆ ಎಳೆಯುತ್ತಾನೆ. ಬಾಗಿಸಲು ಬೇಕಾದುದು ಮೂರು ಒತ್ತುಗಳು: ತುದಿಗಳಲ್ಲಿ ಎರಡು, ನಡುವೆ ಎದುರುಮುಖವಾಗಿ ಒಂದು. ಬಾಗುವುದನ್ನು ತಡೆಯುವುದಕ್ಕೂ ಇದೇ ವ್ಯವಸ್ಥೆ ಸಾಕು. ಒಳ್ಳೆಯ ಆಧಾರಪಟ್ಟಿಯು ಕಾಲಿನ ಒಳಬದಿಯಲ್ಲಿ ಮೇಲುಗಡೆ ಒಂದು ಕಡೆಯೂ, ಹಿಮ್ಮಡಿಯ ಒಳಬದಿಯಲ್ಲಿ ಇನ್ನೊಂದು ಕಡೆಯೂ ಹೊರಮುಖವಾಗಿ ಒತ್ತಿ, ಹೊರಗಂಟಿನ ಸುತ್ತ ಒಳಮುಖವಾಗಿ ಒತ್ತುತ್ತದೆ.

18 ನ್ಯೂಟನ್-ಮೀಟರಿನಲ್ಲಿ ಮೂರನೆಯ ಒಂದು ಪಾಲನ್ನು, ಎಂದರೆ 6 ನ್ಯೂಟನ್-ಮೀಟರನ್ನು, ಪಟ್ಟಿಯು ಹೊರಬೇಕೆಂದು ಇಟ್ಟುಕೊಳ್ಳೋಣ. ಪಟ್ಟಿಯ ಮೇಲುತುದಿಯು ಅಕ್ಷದಿಂದ 15 ಸೆಂಟಿಮೀಟರು ಎತ್ತರದಲ್ಲಿದ್ದರೆ ಅಲ್ಲಿ ಬೀಳುವ ಒತ್ತು 40 ನ್ಯೂಟನ್; 6 ಸೆಂಟಿಮೀಟರು ಮಾತ್ರ ಇದ್ದರೆ 100 ನ್ಯೂಟನ್. ಲೆಕ್ಕವು ಸ್ಥೂಲವಾದುದಾದರೂ ಅದರ ಪಾಠ ಸರಳ: ಗಿಡ್ಡ ಪಟ್ಟಿಯು ಅದೇ ಕೆಲಸಕ್ಕೆ ಚರ್ಮವನ್ನು ಹೆಚ್ಚು ಹಿಂಡುತ್ತದೆ. ನಡುವಿನ ಒತ್ತು ಉಳಿದೆರಡರ ಮೊತ್ತಕ್ಕೆ ಸಮವಾಗಿರಬೇಕಾದುದರಿಂದ ಹೊರಗಂಟಿನ ಬಳಿ ಬೀಳುವ ಒತ್ತೇ ಎಲ್ಲಕ್ಕಿಂತ ದೊಡ್ಡದು. ಆದಕಾರಣ ಅಲ್ಲಿ ಮೆತ್ತೆಯಿರಬೇಕು, ಒತ್ತು ಅಗಲವಾದ ಕ್ಷೇತ್ರಕ್ಕೆ ಹಂಚಿಹೋಗಬೇಕು.

ಪಟ್ಟಿಗಳ ಬಗೆಗಳು

ಅಂಗಡಿಗಳಲ್ಲಿ ಆಂಕಲ್ ಬ್ರೇಸ್ ಎಂಬ ಒಂದೇ ಹೆಸರಿನಿಂದ ಬೇರೆಬೇರೆ ವಸ್ತುಗಳನ್ನು ಮಾರುತ್ತಾರೆ. ಮೊದಲನೆಯದು ಹಿಗ್ಗುವ ಬಟ್ಟೆಯ ಚೀಲ. ಇದು ಬಾವನ್ನು ಹಿಡಿತದಲ್ಲಿಡುತ್ತದೆ, ಬೆಚ್ಚಗಿಡುತ್ತದೆ, ಕಾಲಿನ ಕಡೆಗೆ ನಮ್ಮ ಗಮನವನ್ನು ಸೆಳೆಯುತ್ತದೆ. ಆದರೆ ಹಿಗ್ಗುವುದೇ ಇದರ ಗುಣವಾದುದರಿಂದ ಪಾದವು ವಾಲುವಾಗ ಇದೂ ಅದರೊಡನೆ ಹಿಗ್ಗುತ್ತದೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಇದೇ ಉತ್ತರ.

ಎರಡನೆಯದು ಹಿಗ್ಗದ ಬಟ್ಟೆಯಿಂದ ಹೊಲಿದು, ಲೇಸಿನಿಂದ ಬಿಗಿಯುವಂಥದು. ಇದರ ಮೇಲೆ ಎಂಟರ ಅಂಕಿಯಾಕಾರದಲ್ಲಿ ಹಿಮ್ಮಡಿಯನ್ನು ಸುತ್ತುವ ಪಟ್ಟಿಗಳಿದ್ದರೆ ಹಿಡಿತ ಚೆನ್ನಾಗಿರುತ್ತದೆ. ಮೂರನೆಯದು ಎರಡು ಪಕ್ಕಗಳಲ್ಲಿ ಪ್ಲಾಸ್ಟಿಕ್ಕಿನ ಫಲಕಗಳಿದ್ದು, ಹಿಮ್ಮಡಿಯ ಕೆಳಗೆ ಕುದುರೆಯ ರಿಕಾಪಿನಂತೆ ಕೂಡಿಕೊಳ್ಳುವ ಅರೆಗಟ್ಟಿ ಪಟ್ಟಿ. ಮೇಲೆ ಕೆಳಗೆ ಆಡುವ ಚಲನೆಗೆ ಎಡೆಕೊಟ್ಟು ಪಕ್ಕಕ್ಕೆ ವಾಲುವುದನ್ನು ಮಾತ್ರ ತಡೆಯುವುದರಲ್ಲಿ ಇದು ಸಮರ್ಥ. ಒಮ್ಮೆ ಉಳುಕಿದ ಕ್ರೀಡಾಪಟುಗಳಲ್ಲಿ ಎರಡನೆಯ ಮತ್ತು ಮೂರನೆಯ ಬಗೆಯ ಪಟ್ಟಿಗಳು ಮರುಉಳುಕನ್ನು ಕಡಿಮೆ ಮಾಡುತ್ತವೆಂಬುದು ಪರೀಕ್ಷೆಗಳಿಂದ ತಿಳಿದುಬಂದಿದೆ. ನಾಲ್ಕನೆಯದಾದ ಗಟ್ಟಿ ಬೂಟು ಮೂಳೆ ಮುರಿದವರಿಗೂ ತೀವ್ರವಾಗಿ ಗಾಯಗೊಂಡವರಿಗೂ ಸೇರಿದುದು. ವೈದ್ಯರ ಮಾತಿಲ್ಲದೆ ಅದನ್ನು ಕೊಳ್ಳುವುದು ಸಲ್ಲದು.

ಆರಿಸುವ ಬಗೆ

ನಿತ್ಯದ ನಡಿಗೆಗೆ ಪಾದವು ಸುಮಾರು 10 ಡಿಗ್ರಿ ಮೇಲಕ್ಕೂ 20 ಡಿಗ್ರಿ ಕೆಳಕ್ಕೂ ಆಡಬೇಕು. ಇದನ್ನು ತಡೆಯುವ ಪಟ್ಟಿಯನ್ನು ಕಟ್ಟಿದರೆ ಕುಂಟುನಡಿಗೆಯಾಗಿ ಮೊಣಕಾಲಿಗೆ ಶ್ರಮವಾಗುತ್ತದೆ. ಪಟ್ಟಿಗೆ ತಿರುಗುಕೀಲು ಇದ್ದಲ್ಲಿ ಅದು ಹರಡಿನ ಗಂಟುಗಳ ಮಟ್ಟಕ್ಕೆ ಸರಿಯಾಗಿ ಬರಬೇಕು. ಎರಡು ಅಕ್ಷಗಳೂ ಒಂದಾಗದಿದ್ದರೆ ಪ್ರತಿ ಹೆಜ್ಜೆಗೂ ಪಟ್ಟಿಯು ಚರ್ಮದ ಮೇಲೆ ಜಾರಿ ಉಜ್ಜುತ್ತದೆ. ದಿನಕ್ಕೆ ಕೆಲವು ಸಾವಿರ ಹೆಜ್ಜೆ ಇಡುವ ನಮಗೆ ಇದು ಸಣ್ಣ ವಿಷಯವಲ್ಲ.

ನಮ್ಮ ನಾಡಿನ ಜೀವನಕ್ರಮವನ್ನೂ ಮರೆಯಬಾರದು. ಅರೆಗಟ್ಟಿ ಪಟ್ಟಿಗಳು ಹಿಂಬದಿಯು ಮುಚ್ಚಿರುವ ಷೂಗಳಿಗೆಂದು ಮಾಡಿದುವು. ಚಪ್ಪಲಿಯೊಡನೆ ಅವು ನಿಲ್ಲುವುದು ಕಷ್ಟ. ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವವರಿಗೆ ಲೇಸಿನ ಪಟ್ಟಿಯೇ ಅನುಕೂಲ. ಕುಕ್ಕರಗಾಲಿನಲ್ಲಿ ಕೂರುವಾಗ ಪಾದವು ನಡಿಗೆಗಿಂತ ಬಹಳ ಹೆಚ್ಚು ಮಡಿಸಬೇಕಾಗುತ್ತದೆ. ಚಕ್ಕಳಮಕ್ಕಳ ಹಾಕಿದಾಗ ಹೊರಗಂಟು ನೆಲಕ್ಕೆ ಒತ್ತುತ್ತದೆ. ಇಂತಹ ಹೊತ್ತಿನಲ್ಲಿ ಪಟ್ಟಿಯನ್ನು ಬಿಚ್ಚಿಡುವುದು ಮೇಲು. ಬೇಸಗೆಯ ಬೆವರಿಗಾಗಿ ಒಳಗೆ ತೆಳುವಾದ ಹತ್ತಿಯ ಕಾಲುಚೀಲವಿರಲಿ.

ಕೊಳ್ಳುವ ಮುನ್ನ ಹರಡಿನ ಸುತ್ತಳತೆಯನ್ನು ನೂಲಿನಿಂದ ಅಳೆದುಕೊಳ್ಳಬೇಕು. ಕುಳಿತು, ಪಾದವನ್ನು ಲಂಬಕೋನದಲ್ಲಿರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತ ಬರಬೇಕು. ಅನಂತರ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು ನೋಡಿರಿ: ಬಿಳುಪಾದ ಉಗುರು ಎರಡು ಸೆಕೆಂಡುಗಳೊಳಗೆ ಮತ್ತೆ ಕೆಂಪಾಗದಿದ್ದರೆ, ಇಲ್ಲವೆ ಬೆರಳು ಜೋಮುಹಿಡಿದರೆ, ಬಿಗಿ ಹೆಚ್ಚಾಯಿತೆಂದು ತಿಳಿಯಬೇಕು. ಸ್ವಲ್ಪ ಹೊತ್ತು ನಡೆದು ಬಿಚ್ಚಿದಾಗ ಕಾಣುವ ಕೆಂಪು ಗುರುತುಗಳು 20 ನಿಮಿಷಗಳಲ್ಲಿ ಮಾಯವಾಗದಿದ್ದರೆ ಆ ಪಟ್ಟಿಯು ನಿಮ್ಮ ಕಾಲಿಗೆ ಒಪ್ಪಿದುದಲ್ಲ.

ಮೂರು ಎಚ್ಚರಿಕೆಗಳು

ಮೊದಲನೆಯದಾಗಿ, ಎಲ್ಲ ನೋವೂ ಉಳುಕಲ್ಲ. 1992ರಲ್ಲಿ ಕೆನಡ ದೇಶದ ಒಟ್ಟಾವ ನಗರದ ವೈದ್ಯರು ಇದಕ್ಕೊಂದು ಸರಳವಾದ ನಿಯಮವನ್ನು ಪ್ರಕಟಿಸಿದರು. ಪೆಟ್ಟಾದ ಕೂಡಲೇ ಆಗಲಿ ವೈದ್ಯರು ನೋಡುವಾಗ ಆಗಲಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಹರಡಿನ ಗಂಟುಗಳ ಹಿಂಬದಿಯನ್ನೋ ತುದಿಯನ್ನೋ ಒತ್ತಿದಾಗ ಮೂಳೆಯೇ ನೋಯುವುದಾದರೆ, ಎಕ್ಸ್-ರೇ ತೆಗೆಸಬೇಕು. ಎರಡನೆಯದಾಗಿ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಪಟ್ಟಿಯ ಒತ್ತಿನಿಂದ ಹುಣ್ಣಾದರೂ ತಿಳಿಯುವುದಿಲ್ಲ. ಅವರು ವೈದ್ಯರನ್ನು ಕೇಳಿಯೇ ಕಟ್ಟಬೇಕು. ಮೂರನೆಯದಾಗಿ, ನಡೆಯುವಾಗ ಪಾದದ ಮುಂಭಾಗವನ್ನು ಎತ್ತಲಾರದೆ ಬೆರಳು ನೆಲಕ್ಕೆ ತಗಲುತ್ತಿದ್ದರೆ ಅದು ನರದ ದೌರ್ಬಲ್ಯವಿರಬಹುದು. ಅದಕ್ಕೆ ಬೇಕಾದ ಆಸರೆಯೇ ಬೇರೆ.

ಪಟ್ಟಿಯು ಸ್ನಾಯುಗಳಿಗೆ ಬದಲಿಯಲ್ಲವೆಂಬುದನ್ನೂ ನೆನಪಿಡಬೇಕು. ಹರಿದ ರಜ್ಜು ಮತ್ತೆ ಬಲಗೊಳ್ಳಲು ತಿಂಗಳುಗಳೇ ಬೇಕು. ನೋವು ಇಳಿದ ಮೇಲೆ ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದು, ಹಿಮ್ಮಡಿಯನ್ನು ಎತ್ತಿ ಇಳಿಸುವುದು ಮೊದಲಾದ ಅಭ್ಯಾಸಗಳನ್ನು ದಿನವೂ ಮಾಡುವುದರಿಂದ ಮರುಉಳುಕು ಕಡಿಮೆಯಾಗುತ್ತದೆ. ನಮ್ಮ ವಿದ್ಯಾರ್ಥಿಯು ವೈದ್ಯರನ್ನು ಕಂಡು ಲೇಸಿನ ಪಟ್ಟಿಯನ್ನು ಕೊಂಡನು. ದಿನವೂ ಬೆಳಗ್ಗೆ ಒಂಟಿಕಾಲಿನಲ್ಲಿ ನಿಂತು ಹಲ್ಲುಜ್ಜುವ ಅಭ್ಯಾಸವನ್ನೂ ಮಾಡಿಕೊಂಡನು. ಈಗ ಅವನು ಪ್ರಯೋಗಶಾಲೆಯ ಮೆಟ್ಟಿಲುಗಳನ್ನು ಪಟ್ಟಿಯಿಲ್ಲದೆಯೇ ಇಳಿಯುತ್ತಾನೆ. ಆದರೆ ಕೊನೆಯ ಮೆಟ್ಟಿಲನ್ನು ನೋಡಿಕೊಂಡು.