ಹಾವಿನ ಪೆಟ್ಟಿಗೆಗೆ ಕಾವು ಕೊಡುವುದು ಹೇಗೆ?



ಹೋದ ಸಂಚಿಕೆಯಲ್ಲಿ ಬಂದ ‘ಶೀತರಕ್ತ ಪ್ರಾಣಿಗಳು’ ಲೇಖನ ಓದಿ ಏಳನೇ ತರಗತಿಯವರು ಪ್ರಶ್ನೆ ಪೆಟ್ಟಿಗೆಗೆ ಒಂದು ಚೀಟಿ ಹಾಕಿದ್ದರು. “ಹಾವಿಗೆ ಚಳಿಯಾದರೆ ಏನು ಮಾಡುತ್ತೆ? ಅದಕ್ಕೆ ನಾವು ಕಾವು ಕೊಡಬಹುದಾ?” ಎಂದು ಅದರಲ್ಲಿತ್ತು. ಪ್ರಶ್ನೆ ಚಿಕ್ಕದು, ಆದರೆ ಉತ್ತರ ಹುಡುಕುತ್ತಾ ಹೋದರೆ ಎರಡು ಹಾಳೆ ತುಂಬುವಷ್ಟಾಯಿತು. ಮೇಷ್ಟ್ರು “ಎರಡು ಹಾಳೆಯನ್ನೂ ಅಂಟಿಸು” ಅಂದಿದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಶೀತರಕ್ತ ಎಂದರೆ ಅದರ ರಕ್ತ ಯಾವಾಗಲೂ ತಣ್ಣಗಿರುತ್ತದೆ ಎಂದು ಅರ್ಥವಲ್ಲ. ಮಧ್ಯಾಹ್ನ ಬಂಡೆಯ ಮೇಲೆ ಬಿಸಿಲು ಕಾಯಿಸಿದ ಹಾವಿನ ಮೈ ನಮ್ಮ ಮೈಯಷ್ಟೇ ಬೆಚ್ಚಗಿರಬಹುದು. ವ್ಯತ್ಯಾಸ ಏನೆಂದರೆ, ನಾವು ತಿಂದ ಅನ್ನದ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡುವುದಕ್ಕೇ ಖರ್ಚಾಗುತ್ತದೆ. ಹಾವಿನ ಹೊಟ್ಟೆಯೊಳಗೆ ಅಂಥ ಒಲೆ ಇಲ್ಲ. ಬೇಕಾದಾಗ ಬಿಸಿಲಿಗೆ ಬರುತ್ತದೆ, ಸಾಕಾದಾಗ ನೆರಳಿಗೆ ಹೋಗುತ್ತದೆ. ಅದಕ್ಕೇ ವಾರಕ್ಕೋ ಹತ್ತು ದಿನಕ್ಕೋ ಒಂದು ಇಲಿ ತಿಂದರೂ ಅದಕ್ಕೆ ಸಾಕು. ನಮಗೆ ಹೊತ್ತು ಹೊತ್ತಿಗೆ ಊಟ ಬೇಕು.

ಚಳಿಯಾದರೆ ಹಾವಿನ ಎಲ್ಲ ಕೆಲಸವೂ ನಿಧಾನವಾಗುತ್ತದೆ. ಓಡಲಾಗದು, ಬೇಟೆಯಾಡಲಾಗದು. ಎಲ್ಲಕ್ಕಿಂತ ಮುಖ್ಯವಾಗಿ ತಿಂದದ್ದು ಜೀರ್ಣವಾಗದು. ಇಲಿ ನುಂಗಿದ ಮೇಲೆ ಮೈ ತಣ್ಣಗಾದರೆ ಆ ಇಲಿ ಹೊಟ್ಟೆಯಲ್ಲೇ ಕೊಳೆಯಲು ಶುರುವಾಗುತ್ತದೆ, ಹಾವು ಅದನ್ನು ಕಕ್ಕಿಬಿಡುತ್ತದೆ. ಹಾಗೆಂದು ಬಿಸಿ ಹೆಚ್ಚಾದರೂ ಕಷ್ಟವೇ. ನಾವು ಬೆವರಿ ತಣ್ಣಗಾಗುತ್ತೇವೆ, ಹಾವಿಗೆ ಬೆವರೇ ಇಲ್ಲ. ತಂಪಿನ ಜಾಗಕ್ಕೆ ಸರಿದು ಹೋಗುವುದೊಂದೇ ಅದಕ್ಕಿರುವ ದಾರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಡಿನಲ್ಲಿ ಹಾವಿಗೆ ಯಾರೂ ಕಾವು ಕೊಡಬೇಕಾಗಿಲ್ಲ. ಆದರೆ ಹೊರದೇಶಗಳಲ್ಲಿ ಹಾವು ಸಾಕುವವರಿದ್ದಾರೆ. ನನ್ನ ದೊಡ್ಡಪ್ಪನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗ ಒಂದು ಹಾವು ಸಾಕಿದ್ದಾನೆ. ಅದರ ಹೆಸರು ಕಾರ್ನ್ ಸ್ನೇಕ್, ಅಂದರೆ ಜೋಳದ ಹಾವು. ಇದರ ತವರು ಅಮೆರಿಕದ ಆಗ್ನೇಯ ಭಾಗ. ವಿಷ ಇಲ್ಲ. ಕಿತ್ತಳೆ ಬಣ್ಣದ ಮೈ ಮೇಲೆ ಕೆಂಪು ಮಚ್ಚೆಗಳು. ಮೂರರಿಂದ ಐದು ಅಡಿ ಬೆಳೆಯುತ್ತದೆ, ಇಲಿ ತಿನ್ನುತ್ತದೆ. ನಮ್ಮ ಕೇರೆ ಹಾವಿನ ದೂರದ ನೆಂಟ ಎನ್ನಬಹುದು, ಎರಡೂ ಒಂದೇ ಕುಟುಂಬದವು. ಅಲ್ಲಿ ಅಂಗಡಿಯಲ್ಲೇ ಇದನ್ನು ಮಾರುತ್ತಾರೆ. ಸಾಕಿದರೆ ಹದಿನೈದು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಬಿಸಿಲಿನ ನಾಡಿನ ಹಾವು ಇಂಗ್ಲೆಂಡಿನ ಚಳಿಯಲ್ಲಿ ಬದುಕಬೇಕಾದರೆ ಪೆಟ್ಟಿಗೆಯೊಳಗೆ ಕಾವು ಇರಲೇಬೇಕು.

ಕಾವಿಗೆ ‘ಹೀಟ್ ಮ್ಯಾಟ್’ ಎಂಬ ವಸ್ತು ಬಳಸುತ್ತಾರೆ. ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಕರೆಂಟು ಹರಿದಾಗ ಬಿಸಿಯಾಗುವ ಪಟ್ಟಿಗಳು. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಅಜ್ಜಿ, “ಹಾವಿಗೆ ಹಾಸಿಗೆಯಾ? ಅದೂ ಕರೆಂಟಿಂದಾ?” ಎಂದು ನಕ್ಕೇ ನಕ್ಕರು. ಬಲ್ಬು ಯಾಕಲ್ಲ ಎಂದರೆ, ಹಾವಿಗೆ ಕಣ್ಣು ಮುಚ್ಚಲು ರೆಪ್ಪೆಯೇ ಇಲ್ಲ, ರಾತ್ರಿಯಿಡೀ ಬೆಳಕಿದ್ದರೆ ಅದಕ್ಕೆ ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ. ಹಗಲಿಗೆ ಬಲ್ಬು ಹಾಕುವವರೂ ಇದ್ದಾರೆ. ಹಾಕಿದರೆ ಅದರ ಸುತ್ತ ತಂತಿಯ ಬಲೆ ಇರಲೇಬೇಕು, ಇಲ್ಲದಿದ್ದರೆ ಹಾವು ಬಲ್ಬಿಗೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ.

ಹೀಟ್ ಮ್ಯಾಟನ್ನು ಗಾಜಿನ ಪೆಟ್ಟಿಗೆಯ ಕೆಳಗೆ, ಹೊರಗಿನಿಂದ ಇಡುತ್ತಾರೆ. ಆದರೆ ಪೂರ್ತಿ ತಳಕ್ಕೆ ಹಾಸುವಂತಿಲ್ಲ. ಮೂರರಲ್ಲಿ ಒಂದು ಪಾಲು, ಹೆಚ್ಚೆಂದರೆ ಅರ್ಧ. ಮೇಲೆ ಹೇಳಿದೆನಲ್ಲ, ಹಾವಿಗೆ ಸರಿದು ಹೋಗುವುದೊಂದೇ ದಾರಿ ಎಂದು. ಎಲ್ಲ ಕಡೆ ಬಿಸಿಯಾದರೆ ಅದು ಸರಿಯುವುದೆಲ್ಲಿಗೆ? ಒಂದು ತುದಿ 28ರಿಂದ 30 ಡಿಗ್ರಿ, ಇನ್ನೊಂದು ತುದಿ 22ರಿಂದ 24 ಡಿಗ್ರಿ ಇದ್ದರೆ ಈ ಜಾತಿಯ ಹಾವಿಗೆ ಸರಿ. ಪೆಟ್ಟಿಗೆಯ ನಾಲ್ಕು ಮೂಲೆಗೂ ರಬ್ಬರಿನ ಚಿಕ್ಕ ಕಾಲು ಕೊಟ್ಟು ಸ್ವಲ್ಪ ಎತ್ತರಿಸಬೇಕು. ಮ್ಯಾಟಿನ ಕೆಳಗೆ ಗಾಳಿ ಆಡದಿದ್ದರೆ ಶಾಖ ಅಲ್ಲೇ ಕಟ್ಟಿಕೊಂಡು ಗಾಜು ಬಿರಿಯಬಹುದು, ಮರದ ಮೇಜಾದರೆ ಕರಕಾಗಬಹುದು. ಮ್ಯಾಟನ್ನು ಮಡಿಚಬಾರದು, ಕತ್ತರಿಸಬಾರದು. ನೀರಿನ ಬಟ್ಟಲನ್ನು ತಂಪಿನ ಕಡೆ ಇಡಬೇಕು. ವೈರನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬೀಳುವ ಹಾಗೆ ಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಬೇಕು. ನೀರು ಚೆಲ್ಲಿ ವೈರಿನ ಮೇಲೆ ಹರಿದರೂ ಜೋತ ಜಾಗದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಈ ಉಪಾಯ ನಮ್ಮ ಮನೆಯ ಮೋಟಾರಿನ ವೈರಿಗೂ ಚೆನ್ನ.

ಇನ್ನು ಥರ್ಮೋಸ್ಟ್ಯಾಟ್. ಇದೇ ಮುಖ್ಯ. ಇಸ್ತ್ರಿ ಪೆಟ್ಟಿಗೆ ‘ಟಿಕ್’ ಎಂದು ತಾನೇ ಆರಿ ತಾನೇ ಹತ್ತುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ. ಒಂದು ವೈರಿನ ತುದಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ ‘ಪ್ರೋಬ್’ ಇರುತ್ತದೆ. ಅದು ತಾನಿರುವ ಜಾಗದ ಉಷ್ಣತೆಯನ್ನು ತಿಳಿಸುತ್ತದೆ. ನಾವು 29 ಎಂದು ಇಟ್ಟರೆ, ಅಲ್ಲಿಗೆ ಮುಟ್ಟಿದ ಕೂಡಲೇ ಮ್ಯಾಟಿಗೆ ಕರೆಂಟು ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಬರುತ್ತದೆ. ‘ತಾನಿರುವ ಜಾಗದ’ ಎಂಬ ಮಾತನ್ನು ಎರಡು ಸಲ ಓದಿಕೊಳ್ಳಿ. ಅಕ್ಕನ ಮನೆಯಲ್ಲಿ ಎಡವಟ್ಟಾದದ್ದು ಅಲ್ಲೇ.

ಅವರು ಹಾವು ಕೊಂಡ ಅಂಗಡಿಯವನು ಮ್ಯಾಟು ಕೊಟ್ಟ, ಥರ್ಮೋಸ್ಟ್ಯಾಟು ಕೊಟ್ಟ, ಹಾವು ಅಡಗಿಕೊಳ್ಳಲು ಒಂದು ಗೂಡು ಕೊಟ್ಟ. “ಒಂದೇ ಸಾಕು, ಬಿಸಿ ಕಡೆ ಇಡಿ” ಎಂದ. ಪ್ರೋಬನ್ನು ಪೆಟ್ಟಿಗೆಯ ಒಳಗೆ, ಬಿಸಿ ತುದಿಯಲ್ಲಿ ಅಂಟಿಸಿದ್ದರು. ಹಾವು ರಾತ್ರಿ ತಿರುಗಾಡುವಾಗ ಅದನ್ನು ತಳ್ಳಿ ತಳ್ಳಿ ಕಿತ್ತಿದೆ. ಪ್ರೋಬ್ ತಂಪಿನ ಕಡೆಗೆ ಹೋಗಿ ಬಿದ್ದಿದೆ. ಅಲ್ಲಿ ಇರುವುದು 21 ಡಿಗ್ರಿ. ಥರ್ಮೋಸ್ಟ್ಯಾಟಿಗೆ ಏನು ಗೊತ್ತು? ಇನ್ನೂ ಚಳಿ, ಇನ್ನೂ ಚಳಿ ಎಂದು ಮ್ಯಾಟಿಗೆ ಕರೆಂಟು ಬಿಡುತ್ತಲೇ ಇತ್ತು. ಮಾರನೆಯ ದಿನ ಸಂಜೆ ನೋಡಿದಾಗ ಗೂಡಿನ ಕೆಳಗಿನ ಗಾಜು 46 ಡಿಗ್ರಿ ಇತ್ತಂತೆ. ಹಾವು ಅದರ ಮೇಲೇ ಸುರುಳಿ ಸುತ್ತಿ ಮಲಗಿತ್ತು. ಹೊಟ್ಟೆಯ ಕಡೆ ಒಂದು ಗೇಣು ಉದ್ದಕ್ಕೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು.

ನನಗೆ ಇದು ಅರ್ಥವಾಗಲಿಲ್ಲ. “ಅಕ್ಕಾ, ಬಿಸಿ ತಾಗಿದರೆ ಅದು ಆಚೆ ಹೋಗಬಾರದಿತ್ತಾ?” ಎಂದು ಕೇಳಿದೆ. ಅಕ್ಕ ಹೇಳಿದ್ದು: “ನಾನೂ ಡಾಕ್ಟರನ್ನ ಅದನ್ನೇ ಕೇಳಿದೆ ಕಣೇ. ಆಚೆ ಕಡೆ ಅಡಗೋಕೆ ಜಾಗ ಇರಲಿಲ್ಲವಲ್ಲ. ಹಾವಿಗೆ ಬಯಲಲ್ಲಿ ಮಲಗೋಕೆ ಭಯ. ಸುಡ್ತಾ ಇದ್ರೂ ಗೂಡು ಬಿಡಲ್ಲ ಅಂದ್ರು.” ಕೆಳಗಿನಿಂದ ಬರುವ ಬಿಸಿ ಹಾವಿಗೆ ಬೇಗ ಗೊತ್ತಾಗುವುದೂ ಇಲ್ಲವೆಂದು ಸಾಕುವವರು ಹೇಳುತ್ತಾರೆ. ಅದು ದಿಟವೋ ಅಲ್ಲವೋ, ಇಲ್ಲಿ ಭಯವೇ ಸುಟ್ಟಿತು ಎಂದು ನನಗನ್ನಿಸುತ್ತದೆ. ಕೋಳಿಮರಿಗಳಿಗೆ ಬಲ್ಬಿನ ಕಾವು ಕೊಡುವಾಗ ಥರ್ಮಾಮೀಟರು ಬೇಡ. ಚಳಿಯಾದರೆ ಬಲ್ಬಿನ ಕೆಳಗೆ ಮುತ್ತಿಕೊಂಡು ಚಿಂವ್ ಚಿಂವ್ ಎನ್ನುತ್ತವೆ, ಬಿಸಿಯಾದರೆ ದೂರ ಓಡಿ ಬಾಯಿ ಬಿಟ್ಟು ಏದುಸಿರು ಬಿಡುತ್ತವೆ. ನೋಡಿದರೇ ತಿಳಿಯುತ್ತದೆ. ಹಾವು ಕೂಗುವುದಿಲ್ಲ. ಅಂಕಿ ನೋಡಿಯೇ ತಿಳಿಯಬೇಕು.

ಹಾವನ್ನು ಪಶುವೈದ್ಯರ ಬಳಿ ಒಯ್ದರು. (“ಹಾವಿಗೂ ದನದ ಡಾಕ್ಟರಾ!” ಎಂದರು ಅಜ್ಜಿ.) ಮುಲಾಮು ಕೊಟ್ಟರು. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆಂದು ಬರೀ ಕಾಗದ ಹಾಸಲು ಹೇಳಿದರು. ಎರಡು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಗಿದೆ, ಗುರುತು ಮಾತ್ರ ಉಳಿದಿದೆ. ಈಗ ಅವರು ಪ್ರೋಬನ್ನು ಪೆಟ್ಟಿಗೆಯ ಹೊರಗೆ, ಮ್ಯಾಟು ಮತ್ತು ಗಾಜಿನ ನಡುವೆ ಸಿಕ್ಕಿಸಿದ್ದಾರೆ. ಅಲ್ಲಿ ಹಾವಿಗೆ ಎಟುಕುವುದಿಲ್ಲ. ಎರಡೂ ತುದಿಗೆ ಒಂದೊಂದು ಗೂಡು, ಒಂದೊಂದು ಥರ್ಮಾಮೀಟರು. ಒಳಗೆ ಅಂಟು ಪಟ್ಟಿ ಹಚ್ಚುವುದನ್ನೇ ಬಿಟ್ಟಿದ್ದಾರೆ, ಹಾವಿಗೆ ಮೆತ್ತಿಕೊಂಡರೆ ಹುರುಪೆಯೇ ಕಿತ್ತು ಬರುತ್ತದಂತೆ. ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸುತ್ತಾರೆ. ಪೆಟ್ಟಿಗೆ ತಣ್ಣಗಿರುವಾಗ ಇಲಿ ಹಾಕುವುದಿಲ್ಲ.

ಖರ್ಚಿನ ಲೆಕ್ಕ ಕೇಳಿದವರಿಗೆ: ಅವರ ಮ್ಯಾಟು 15 ವ್ಯಾಟಿನದು. ದಿನವಿಡೀ ಹತ್ತಿದರೆ 15 × 24 = 360 ವ್ಯಾಟ್-ಗಂಟೆ, ಅಂದರೆ 0.36 ಯೂನಿಟ್. ತಿಂಗಳಿಗೆ ಹನ್ನೊಂದು ಯೂನಿಟ್ಟಿನ ಒಳಗೆ. ನಡುನಡುವೆ ಆರುವುದರಿಂದ ಇನ್ನೂ ಕಡಿಮೆ. ಇಷ್ಟು ಸಣ್ಣ ವ್ಯಾಟು ಸುಡುತ್ತದೆಯೇ ಎಂದರೆ ಹೌದು, ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ ಸುಡುತ್ತದೆ.

ಇದನ್ನು ಪರೀಕ್ಷಿಸಲು ನಮ್ಮ ಪ್ರಯೋಗಶಾಲೆಯ ಹಳೇ ಮೀನಿನ ತೊಟ್ಟಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಹಾವಿಲ್ಲ, ಕರೆಂಟೂ ಇಲ್ಲ. ತೊಟ್ಟಿಯ ಒಂದು ತುದಿಯ ಕೆಳಗೆ ರಬ್ಬರಿನ ಬಿಸಿನೀರಿನ ಚೀಲ ಇಟ್ಟೆವು. ಮೊದಲು ಒಂದು ಬೆರಳು ದಪ್ಪ ಮರಳು ಹಾಕಿ ಅರ್ಧ ಗಂಟೆ ಬಿಟ್ಟು ಅಳೆದೆವು. ಮರಳಿನ ಮೇಲೆ 30, ಮರಳಿನ ತಳದಲ್ಲಿ ಗಾಜಿಗೆ ತಾಗಿದಂತೆ 32, ಆಚೆ ತುದಿಯಲ್ಲಿ 25 ಡಿಗ್ರಿ. ಎಲ್ಲ ತಣಿದ ಮೇಲೆ ನಾಲ್ಕು ಬೆರಳು ದಪ್ಪ ಮರಳು ಹಾಕಿ, ಅಷ್ಟೇ ಬಿಸಿಯ ನೀರು ತುಂಬಿ ಮತ್ತೆ ಅಳೆದೆವು. ಮೇಲೆ ಬರೀ 26. ತಳದಲ್ಲಿ 37! ಮರಳು ಕಂಬಳಿಯ ಹಾಗೆ ಶಾಖವನ್ನು ಕೆಳಗೇ ತಡೆದಿತ್ತು. ಮೇಲಿನ ಅಂಕಿ ಮಾತ್ರ ನೋಡಿದವರು “ಅಯ್ಯೋ, ಕಾವು ಸಾಲದು” ಎಂದು ಇನ್ನೂ ಹೆಚ್ಚಿಸುತ್ತಾರೆ. ಹಾವು ಹೊಟ್ಟಿನೊಳಗೆ ಹುದುಗಿ ನೇರ ಗಾಜಿನ ಮೇಲೆ ಮಲಗುತ್ತದೆ. ಆದ್ದರಿಂದ ಥರ್ಮಾಮೀಟರನ್ನು ಹಾವು ಮುಟ್ಟಬಹುದಾದ ಅತಿ ಬಿಸಿ ಜಾಗದಲ್ಲೇ ಇಡಬೇಕು. ಹಾಸು ತೆಳ್ಳಗಿರಬೇಕು.

ಈಗ ನಮ್ಮ ಊರಿನ ಮಾತು. ಹೋದ ಡಿಸೆಂಬರಿನಲ್ಲಿ ಹುಲ್ಲಿನ ಬಣವೆಯ ಬುಡದಲ್ಲಿ ಒಂದು ಕೇರೆ ಹಾವು ಅಲ್ಲಾಡದೆ ಬಿದ್ದಿತ್ತು. ಕೆಲವು ಹುಡುಗರು “ಪಾಪ, ಚಳಿ ಹಿಡಿದಿದೆ, ಡಬ್ಬಕ್ಕೆ ಹಾಕಿ ಬಲ್ಬು ಹಚ್ಚೋಣ, ಸಾಕೋಣ” ಎಂದು ಹೊರಟಿದ್ದರು. ಮೇಷ್ಟ್ರು ತಡೆದರು. ಒಂಬತ್ತು ಗಂಟೆಗೆ ಬಿಸಿಲು ಬಿತ್ತು, ಹತ್ತಕ್ಕೆ ನೋಡಿದರೆ ಹಾವು ಅಲ್ಲಿರಲಿಲ್ಲ. ಡಬ್ಬದೊಳಗೆ ಬಲ್ಬಿನ ಕೆಳಗಿದ್ದಿದ್ದರೆ ಸರಿಯಲು ತಂಪಿನ ತುದಿಯೇ ಇರುತ್ತಿರಲಿಲ್ಲ. ಇನ್ನೊಂದು ವಿಷಯ: ಚಳಿಗೆ ಮರಗಟ್ಟಿದ ಹಾವು ಕಚ್ಚುವುದಿಲ್ಲ ಎಂದು ತಿಳಿಯಬೇಡಿ, ಮುಟ್ಟಿದರೆ ಕಚ್ಚುತ್ತದೆ. ಅದು ಕೇರೆಯೋ ನಾಗರವೋ ಎಂದು ಸುರುಳಿ ನೋಡಿ ಹೇಳುವುದು ದೊಡ್ಡವರಿಗೂ ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರ, ಕೇರೆ, ಹೆಬ್ಬಾವು ಇವನ್ನೆಲ್ಲ ಹಿಡಿಯುವುದೂ ಸಾಕುವುದೂ ಅಪರಾಧ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕೊನೆಗೆ, ಚೀಟಿ ಹಾಕಿದವರು ಕೇಳದೇ ಇದ್ದರೂ ಹೇಳಬೇಕೆನಿಸಿದ್ದು. ತನ್ನೊಳಗೆ ಒಲೆ ಇಲ್ಲದ ಹಾವುಗಳಲ್ಲೂ ಒಬ್ಬಳು ತಾಯಿ ಒಲೆ ಹೊತ್ತಿಸುತ್ತಾಳೆ. ಹೆಣ್ಣು ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಚಳಿಯಾದಾಗ ಮೈಯ ಸ್ನಾಯುಗಳನ್ನು ಬಿಟ್ಟು ಬಿಟ್ಟು ನಡುಗಿಸುತ್ತದೆ. ಆ ನಡುಕದಿಂದಲೇ ಶಾಖ ಹುಟ್ಟುತ್ತದೆ. ನ್ಯೂಯಾರ್ಕಿನ ಮೃಗಾಲಯದ ಒಂದು ಹೆಬ್ಬಾವಿನ ಮೇಲೆ ಅಳತೆ ಮಾಡಿ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದರು. ಸುತ್ತಲಿನ ಗಾಳಿಗಿಂತ ಅದರ ಮೈ 4 ಡಿಗ್ರಿಗೂ ಹೆಚ್ಚು ಬೆಚ್ಚಗಿತ್ತು. ಗಾಳಿ ತಣ್ಣಗಾದಂತೆ ನಡುಕ ಹೆಚ್ಚುತ್ತಿತ್ತು. ಮೊಟ್ಟೆ ಒಡೆಯುವವರೆಗೆ, ಎರಡು ತಿಂಗಳ ಹತ್ತಿರ, ಅದು ಊಟವನ್ನೇ ಮಾಡುವುದಿಲ್ಲ.

(ಪೆಟ್ಟಿಗೆಯ ಚಿತ್ರ ಪಕ್ಕದ ಹಾಳೆಯಲ್ಲಿದೆ. ಕೆಂಪು ಬಣ್ಣ ಬಿಸಿ ತುದಿ, ನೀಲಿ ಬಣ್ಣ ತಂಪು ತುದಿ. ಮರಳಿನ ಪ್ರಯೋಗವನ್ನು ಭತ್ತದ ಹೊಟ್ಟಿನಲ್ಲಿ ಮಾಡಿ ನೋಡುವವರು ಶನಿವಾರ ಪ್ರಯೋಗಶಾಲೆಗೆ ಬನ್ನಿ. ಹೊಟ್ಟು ನೀವೇ ತರಬೇಕು.)

— ಹತ್ತನೇ ತರಗತಿ